ಹೊರನಾಡು ತಲುಪದ ಜೀಪು

ಡಿಸೆಂಬರ್ ಕೊನೆಯ ವಾರ ನಮ್ಮಲ್ಲಿ ಎರಡು ಗಡಿಬಿಡಿ ಒಟ್ಟಿಗೇ ಬರುತ್ತವೆ. ಒಂದು ಕಾಫಿ ಕೊಯ್ಲು, ಇನ್ನೊಂದು ಬೆಟ್ಟ ನೋಡಲು ಬರುವ ಜನ. ಬಾಳೂರಿನ ನಮ್ಮ ತೋಟದಲ್ಲಿ ಎರಡು ಕೋಣೆ ಕಟ್ಟಿಸಿ ಹೋಂಸ್ಟೇ ಶುರು ಮಾಡಿದ ಮೇಲೆ, ಕೊಯ್ಲು ಗಂಡನ ಪಾಲಿಗೆ, ಅತಿಥಿಗಳು ಮತ್ತು ಜೀಪು ನನ್ನ ಪಾಲಿಗೆ ಎಂದು ಹಂಚಿಕೊಂಡಿದ್ದೆವು. ಬರುವವರು ಹೆಚ್ಚಾಗಿ ಜಲಪಾತ ಎಲ್ಲಿ, ಮಂಜು ಎಷ್ಟು ಹೊತ್ತಿಗೆ ಎಂದು ಕೇಳುತ್ತಾರೆ. ಆ ವರ್ಷ ಮಂಡ್ಯ ಕಡೆಯಿಂದ ಬಂದ ವಯಸ್ಸಾದ ಗಂಡ ಹೆಂಡತಿ ಮಾತ್ರ ಹೊರನಾಡಿಗೆ ಎಷ್ಟು ಹೊತ್ತಿನ ದಾರಿ ಎಂದು ಕೇಳಿದರು.

ಗಂಡ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದು ನಿವೃತ್ತರಾದವರು. ಈಗ ಕಿಡ್ನಿ ಕೆಟ್ಟು ಡಯಾಲಿಸಿಸ್‌ನಲ್ಲಿ ಜೀವ ಹಿಡಿದಿದ್ದರು. ಶನಿವಾರದ ಡಯಾಲಿಸಿಸ್ ಬೆಳಿಗ್ಗೆಯೇ ಮುಗಿಸಿಕೊಂಡು ಬಂದಿದ್ದರು. ಸೋಮವಾರ ಮತ್ತೆ ಆಸ್ಪತ್ರೆ. ನಡುವೆ ಉಳಿದ ಭಾನುವಾರವೊಂದೇ ಅವರ ಕೈಯಲ್ಲಿದ್ದದ್ದು. ಸಂಬಂಧಿಕರ ಕಾರು ಅವರನ್ನು ನಮ್ಮಲ್ಲಿ ಇಳಿಸಿ ಹೋಗಿತ್ತು. ಭಾನುವಾರ ಸಂಜೆ ಕರೆದುಕೊಂಡು ಹೋಗಲು ಬರುವುದಿತ್ತು.

ಊಟಕ್ಕೆ ಅನ್ನ ಬಡಿಸಲು ಹೋದಾಗ ಹೆಂಡತಿ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು. "ನಂಗೆ ಅನ್ನ ಬ್ಯಾಡ ಕಣವ್ವ."

ರೊಟ್ಟಿ ತಂದೆ. ನಮ್ಮಲ್ಲಿ ರೊಟ್ಟಿ ಎಂದರೆ ಅಕ್ಕಿಯದೇ. ಅದನ್ನೂ ಮುಟ್ಟಲಿಲ್ಲ. ಕೊನೆಗೆ ಕೆಲಸದವರ ಮನೆಯಿಂದ ರಾಗಿ ಹಿಟ್ಟು ತರಿಸಿ ಮುದ್ದೆ ಮಾಡಿದೆ. ಆಗ ಗಂಡ ನಗುತ್ತಾ ಹೇಳಿದರು: "ನಾನು ಐಸಿಯುನಲ್ಲಿ ಮಲಗಿದ್ದಾಗ ಹರಕೆ ಕಟ್ಕೊಂಡವಳೆ. ನಾನು ಹೊರನಾಡಮ್ಮನ ಸನ್ನಿಧಿಲಿ ಕೂತು ಉಣ್ಣೋಗಂಟ ಇವಳು ಅಕ್ಕಿ ಮುಟ್ಟಾಕಿಲ್ವಂತೆ. ಎಷ್ಟೋ ಸಲ ಜನನ ತುಂಬ್ಕೊಂಡು ಬಸ್ ತಂದಿವ್ನಿ ಅಲ್ಲಿಗೆ. ಅವ್ರೆಲ್ಲ ಉಣ್ಣೋಕೆ ಹೋದ್ರೆ ನಾನು ಸೀಟಲ್ಲೇ ನಿದ್ದೆ ಹೊಡೀತಿದ್ದೆ. ಒಂದಿನಾನೂ ಒಳಗೆ ಕೂತು ಉಂಡಿಲ್ಲ."

ಭಾನುವಾರ ಬೆಳಿಗ್ಗೆ ಮಂಜು ಬಿಡುವ ಮೊದಲೇ ಹೊರಟೆವು. ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆ. ನಾನು ಗೇರ್ ಬದಲಿಸುವುದನ್ನು ನೋಡುತ್ತಾ, "ಚೆನ್ನಾಗಿ ಓಡಿಸ್ತೀಯ ಕಣಮ್ಮ, ತಿರುವಲ್ಲಿ ಮಾತ್ರ ವಸಿ ಆತುರ" ಎಂದರು. ಹೆಂಡತಿ ಹಿಂದೆ ಕೂತು ಸೆರಗಿನಲ್ಲಿ ಮಡಿಲಕ್ಕಿಯ ಚೀಲ ಮುಚ್ಚಿ ಹಿಡಿದಿದ್ದರು.

ಹಿರೇಬೈಲು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾರುಗಳ ಸಾಲು ಸಿಕ್ಕಿತು. ಮುಂದಿನ ತಿರುವಿನಲ್ಲಿ ಪ್ರವಾಸಿಗರ ಬಸ್ಸೊಂದು ಎದುರಿನ ಕಾರಿಗೆ ಉಜ್ಜಿಕೊಂಡು ನಿಂತಿದೆ ಎಂದು ಮುಂದಿನ ಕಾರಿನವರು ಹೇಳಿದರು. ಕಾದೆವು. ಹಿಂದಿನಿಂದ ಬಂದವರು ಬಲಕ್ಕೆ ನುಗ್ಗಿ ಇನ್ನೊಂದು ಸಾಲು ಮಾಡಿದರು. ಆಮೇಲೆ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಜನ ಇಳಿದು ತೋಟಕ್ಕೆ ನುಗ್ಗಿ ಕೆಂಪು ಹಣ್ಣಿನ ಗಿಡ ಹಿಡಿದು ಫೋಟೋ ತೆಗೆಸಿಕೊಳ್ಳತೊಡಗಿದರು. ಒಂದು ಕಾರಿನಿಂದ ಹಾಡು, ಇನ್ನೊಂದರಿಂದ ಅದಕ್ಕಿಂತ ಜೋರಾಗಿ ಮತ್ತೊಂದು ಹಾಡು.

ಬಿಸಿಲೇರಿತು. ಮುಂದಿನ ಸೀಟಿನಲ್ಲಿದ್ದ ಅವರ ಮಾತು ಕಡಿಮೆಯಾಯಿತು. ನೋಡಿದರೆ ಪಾದಗಳು ಊದಿಕೊಂಡು ಚಪ್ಪಲಿಯ ಪಟ್ಟಿ ಚರ್ಮದೊಳಗೆ ಇಳಿದಿತ್ತು. ಬಾಯಾರಿಕೆ ಎಂದರು. ಹೆಂಡತಿ ಕರ್ಚೀಫು ಒದ್ದೆ ಮಾಡಿ ತುಟಿಗೆ ಒತ್ತಿದರು. ಪಕ್ಕದ ಕಾರಿನ ಹುಡುಗರಲ್ಲೊಬ್ಬ ಇದನ್ನು ಕಂಡು ನೀರಿನ ಬಾಟಲಿ ಹಿಡಿದು ಓಡಿ ಬಂದ. "ಕುಡಿಸಿ ಆಂಟಿ, ಪಾಪ."

"ಕುಡಿಯೋ ಹಾಗಿಲ್ಲಪ್ಪ ಇವ್ರು" ಎಂದೆ. ಕಿಡ್ನಿ ಕೆಟ್ಟವರಿಗೆ ಕುಡಿದ ನೀರು ಮೈಯಲ್ಲೇ ನಿಂತುಬಿಡುತ್ತದೆ ಎಂದು ಕಾರಣ ಹೇಳಿದಾಗ ಅವನ ಮುಖ ಸಪ್ಪಗಾಯಿತು. ಹಾಡು ನಿಲ್ಲಿಸಿದ. ಅವನೂ ಅವನ ಗೆಳೆಯರೂ ಮುಂದಕ್ಕೆ ಹೋಗಿ ಒಂದೊಂದೇ ಕಾರಿನವರನ್ನು ಬೇಡಿಕೊಂಡರು. ಯಾರೂ ಆಗುವುದಿಲ್ಲ ಎನ್ನಲಿಲ್ಲ. ಆದರೆ ಸರಿಯಲು ಯಾರಿಗೂ ಜಾಗವಿರಲಿಲ್ಲ. ಆಂಬುಲೆನ್ಸ್‌ಗೆ ಫೋನ್ ಮಾಡೋಣವೆಂದರೆ ಆ ತಿರುವಿನಲ್ಲಿ ನೆಟ್‌ವರ್ಕ್ ಇಲ್ಲ. ಇಂಥ ದಾರಿಯಲ್ಲಿ ಹುಟ್ಟಿ ಬೆಳೆದವಳು ನಾನು. ಪ್ರತಿ ತಿರುವೂ ಗೊತ್ತು. ಸ್ಟೀರಿಂಗ್ ಹಿಡಿದು ಸುಮ್ಮನೆ ಕೂತಿದ್ದೆ.

ಆಮೇಲೆ ಅವರಿಗೆ ಉಸಿರು ಎಳೆಯತೊಡಗಿತು. ಹೆಂಡತಿ ನನ್ನ ಭುಜ ಹಿಡಿದು, "ಇನ್ನೆಷ್ಟು ದೂರ ಅದೆ ಅವ್ವ?" ಎಂದರು.

"ದೂರ ಇಲ್ಲ ಅಮ್ಮ, ಕಳಸ ಹತ್ರನೇ. ಅಲ್ಲಿಂದ ಮತ್ತೆ ಸ್ವಲ್ಪ. ಆದ್ರೆ..." ಎಂದೆ.

ಮುಂದಿನದನ್ನು ಗಂಡನೇ ಹೇಳಿದರು, ಒಂದೊಂದೇ ಪದ ಬಿಡಿಸಿ. "ತಿರುಗಿಸಮ್ಮ ಗಾಡಿ. ಇವಳ ಮಾತು ಕೇಳ್ಬ್ಯಾಡ."

ಆ ಹುಡುಗರು ಹಿಂದಿನ ಕಾರುಗಳನ್ನು ಚರಂಡಿಯ ಅಂಚಿಗೆ ತಳ್ಳಿಸಿದರು. ಜೀಪಿನ ಹಿಂಬದಿಯನ್ನು ಕೈಯಲ್ಲೇ ಎತ್ತಿ ಎತ್ತಿ ಸರಿಸಿ ತಿರುಗಿಸಿಕೊಟ್ಟರು. ಜೀಪು ತಿರುಗಿದಾಗ ಹೆಂಡತಿ ಹಿಂದಿನ ಸೀಟಿನಿಂದಲೇ ಕಳಸದ ದಿಕ್ಕಿಗೆ ಕೈ ಮುಗಿದರು. ಕನ್ನಡಿಯಲ್ಲಿ ಕಂಡಿತು. ನಾನು ಕಣ್ಣು ರಸ್ತೆಗೆ ತಿರುಗಿಸಿದೆ.

ಮೂಡಿಗೆರೆಯ ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟ ಮೇಲೆ ಉಸಿರು ಹದಕ್ಕೆ ಬಂತು. ಡಾಕ್ಟರು, ತಡ ಮಾಡದೆ ಡಯಾಲಿಸಿಸ್ ಇರುವಲ್ಲಿಗೆ ಕರೆದುಕೊಂಡು ಹೋಗಿ ಎಂದರು. ಸಂಬಂಧಿಕರ ಕಾರು ನೇರ ಅಲ್ಲಿಗೇ ಬಂತು. ಹತ್ತುವಾಗ ಅವರು, "ಮುಂದಿನ ಸಲ ರಜಾ ಇಲ್ದಿದ್ದಾಗ ಬರ್ತೀವಿ, ನೀನೇ ಓಡಿಸ್ಬೇಕು" ಎಂದರು. ಖಂಡಿತ ಎಂದೆ. ಹೆಂಡತಿ ಮಡಿಲಕ್ಕಿಯ ಚೀಲ ನನ್ನ ಕೈಗಿಟ್ಟು ಕಾರು ಹತ್ತಿದರು. ಮರುವಾರ ಹೋಗಿ ಅದನ್ನು ದೇವಸ್ಥಾನಕ್ಕೆ ಒಪ್ಪಿಸಿ ಬಂದೆ. ಅಷ್ಟು ನನ್ನಿಂದ ಆಯಿತು.

ಯುಗಾದಿ ಕಳೆದ ಮೇಲೆ ಆಕೆಯ ಫೋನ್ ಬಂತು. "ಅವ್ರು ಹೋಗ್ಬುಟ್ರು ಕಣವ್ವ" ಎಂದರು. ಆಮೇಲೆ ಕೇಳಿದರು, "ನೀನು ಆ ತಾಯಿ ಹತ್ರದೋಳು. ನಾನೀಗ ಅನ್ನ ಉಣ್ಬೋದಾ? ಯಾರ್ನ ಕೇಳ್ಬೇಕೋ ಗೊತ್ತಾಯ್ತಿಲ್ಲ."

ವಿಚಾರಿಸಿ ಹೇಳುತ್ತೇನೆ ಎಂದೆ. ನಮ್ಮ ಮನೆಗೆ ಪೂಜೆಗೆ ಬರುವ ಪುರೋಹಿತರು, ಹರಕೆ ಹೊತ್ತವರು ಒಮ್ಮೆ ಬಂದು ಪ್ರಸಾದ ಉಂಡರೆ ತೀರಿತು, ದೋಷವೇನಿಲ್ಲ ಎಂದರು. ಅದನ್ನೇ ಫೋನಿನಲ್ಲಿ ಹೇಳಿದೆ. "ಬನ್ನಿ ಅಮ್ಮ, ಮಳೆ ಹಿಡಿಯೋದ್ರೊಳಗೆ ನಾನೇ ಕರ್ಕೊಂಡು ಹೋಗ್ತೀನಿ. ಈಗ ದಾರಿ ಖಾಲಿ ಇದೆ."

"ದಾರಿ ಖಾಲಿ ಇದ್ರೆ ಏನ್ ಬಂತವ್ವ" ಎಂದರು ಆಕೆ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಉಣ್ಬೇಕಾಗಿದ್ದೋರು ಅವ್ರು. ನಾನೊಬ್ಳೇ ಎಲೆ ಮುಂದೆ ಕೂತ್ರೆ ತುತ್ತು ಗಂಟಲಲ್ಲಿ ಇಳಿದಾತಾ?"

ಈಗಲೂ ಆಗಾಗ ಫೋನ್ ಮಾಡುತ್ತಾರೆ. ಅಲ್ಲಿಯ ನಾಲೆಗೆ ನೀರು ಬಿಟ್ಟರೋ ಇಲ್ಲವೋ, ಇಲ್ಲಿ ಕಾಫಿ ಹೂವಾಯಿತೋ ಇಲ್ಲವೋ, ಅವರ ಮೊಮ್ಮಗಳ ಶಾಲೆ, ಎಲ್ಲ ಮಾತಾಡುತ್ತೇವೆ. ಊಟ ಆಯಿತಾ ಎಂದು ಅವರು ನನ್ನನ್ನು ತಪ್ಪದೆ ಕೇಳುತ್ತಾರೆ. ನಾನು ಆಯಿತು ಎನ್ನುತ್ತೇನೆ. ತಿರುಗಿ ಕೇಳಲು ಮಾತ್ರ ಬಾಯಿ ಬರುವುದಿಲ್ಲ.