ಕಿತ್ತ ಮೇಲೂ ಉಳಿದ ಹೆಸರು

ಕಳೆದ ವಾರ ನಮ್ಮ ಶಾಲೆಯ ಕೆಟ್ಟ ಕಂಪ್ಯೂಟರೊಂದರ ಪೆಟ್ಟಿಗೆ ಬಿಚ್ಚಿದಾಗ ಹಳೆಯ ಧೂಳಿನ ವಾಸನೆ ಬಂತು. ಅದರ ಜೊತೆಗೆ ಸಾಂಬ್ರಾಣಿಯ ವಾಸನೆಯೂ ಇದ್ದ ಹಾಗೆನಿಸಿ ಕೈ ನಿಂತಿತು. ಶುಕ್ರವಾರ ಶುಕ್ರವಾರ ಕಂಪ್ಯೂಟರಿಗೆ ಸಾಂಬ್ರಾಣಿ ಹಾಕುತ್ತಿದ್ದವರು ನಾನು ಕಂಡಂತೆ ಒಬ್ಬರೇ... ಪಾಂಡವಪುರದ ಡಿಟಿಪಿ ಅಂಗಡಿಯ ಅಕ್ಕ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಆಗಷ್ಟೇ ಅಲ್ಲಿಗೆ ಟೀಚರಾಗಿ ಬಂದಿದ್ದೆ. ಪ್ರಶ್ನೆಪತ್ರಿಕೆ ಟೈಪು ಮಾಡಿಸಲು ಅಕ್ಕನ ಅಂಗಡಿಗೆ ಹೋಗುತ್ತಿದ್ದೆ. ಅವರ ಕಂಪ್ಯೂಟರನ್ನು ಜೋಡಿಸಿದ್ದು ಅವರ ಯಜಮಾನರು. ಹಾಡು ಕೇಳಲೆಂದು ಸೌಂಡ್ ಕಾರ್ಡು ಹಾಕಿ, ಮೈಕಿನಲ್ಲಿ ತಮ್ಮ ದನಿಯನ್ನೂ ತುಂಬಿಟ್ಟಿದ್ದರು. ನಾಲೆ ಏರಿಯ ಮೇಲೆ ಸ್ಕೂಟರು ಉರುಳಿ ಅವರು ತೀರಿಕೊಂಡರು. ಆ ದನಿ ಕೇಳಲಾರದೆ ಅಕ್ಕ ಸೌಂಡ್ ಕಾರ್ಡನ್ನು ಕಿತ್ತು, ಸ್ಪೀಕರಿನ ಸಮೇತ ನಾಗಮಂಗಲದ ತಂಗಿಯ ಮನೆಗೆ ಕಳಿಸಿಬಿಟ್ಟರು.

ಆಮೇಲೆ ಕಂಪ್ಯೂಟರು ಕೆಲಸದ ನಡುವೆಯೇ ನಿಂತುಬಿಡತೊಡಗಿತು. ಪರೀಕ್ಷೆ ಹತ್ತಿರವಿತ್ತು. ನಮ್ಮ ಪ್ರಶ್ನೆಪತ್ರಿಕೆಗಳೆಲ್ಲ ಅರ್ಧಂಬರ್ಧ ಅದರೊಳಗೇ ಇದ್ದವು. ಅದು ಕೈಕೊಟ್ಟರೆ ಅಕ್ಕನಿಗೆ ಬೇರೆ ಜೀವನಾಧಾರವೂ ಇರಲಿಲ್ಲ.

“ರಿಪೇರಿಯವ್ರು ಬ್ಯಾಡ ಟೀಚ್ರೇ. ನೋಡೋಕೆ ಬೇಕಾದ್ದೆಲ್ಲ ಇದ್ರೊಳ್ಗೇ ಅದೆ. ನಮ್ ಯಜಮಾನ್ರು ಯೋಳ್ಕೊಟ್ಟವ್ರೆ,” ಎಂದರು.

‘ಮೈ ಕಂಪ್ಯೂಟರ್’ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಪ್ರಾಪರ್ಟೀಸ್’ಗೆ ಹೋಗಿ, ‘ಡಿವೈಸ್ ಮ್ಯಾನೇಜರ್’ ತೆರೆದರು. ಪೆಟ್ಟಿಗೆಯೊಳಗಿನ ಒಂದೊಂದು ಭಾಗದ ಹೆಸರೂ ಅಲ್ಲಿತ್ತು. ಹಳದಿ ಗುರುತು ಬಿದ್ದಿದ್ದರೆ ಆ ಭಾಗಕ್ಕೆ ತೊಂದರೆ, ಕೆಂಪು ಗೀಟು ಬಿದ್ದಿದ್ದರೆ ಅದನ್ನು ನಿಲ್ಲಿಸಿದೆ ಎಂದರ್ಥ. ಯಾವ ಗುರುತೂ ಕಾಣಲಿಲ್ಲ. ಅಕ್ಕ ಕಂಪ್ಯೂಟರನ್ನು ಆರಿಸಿ, ಈ ಸಲ ‘ಸೇಫ್ ಮೋಡ್’ನಲ್ಲಿ ಎಬ್ಬಿಸಿದರು. ಹಾಗೆ ಎಬ್ಬಿಸಿದರೆ ಹಿಂದೆ ಎಂದೋ ಇದ್ದು ಈಗಿಲ್ಲದ ಭಾಗಗಳೂ ಕಾಣುತ್ತವಂತೆ.

ಸೌಂಡ್ ಕಾರ್ಡಿನ ಹೆಸರು ಅಲ್ಲಿತ್ತು.

“ನಾನೇ ಕೈಯಾರ ಕಿತ್ತಾಕಿವ್ನಿ. ಆದ್ರೂ ಇಲ್ಲೇ ಅವ್ರೆ ನೋಡಿ.”

‘ಅದೆ’ ಅನ್ನಬೇಕಾದ ಕಡೆ ‘ಅವ್ರೆ’ ಅಂದದ್ದು ಅವರಿಗೆ ಗೊತ್ತಾದಂತೆ ಕಾಣಲಿಲ್ಲ.

ಇಲ್ಲದ ಭಾಗದ ಹೆಸರು ಹೀಗೆ ಉಳಿದರೆ ಕಂಪ್ಯೂಟರು ತಡವರಿಸಿ ನಿಲ್ಲುತ್ತದಂತೆ, ಅದನ್ನು ಅಳಿಸಬೇಕಿತ್ತು. ಆದರೆ ‘ರಿಮೂವ್’ ಒತ್ತಲು ಅವರಿಗೆ ಬೆರಳೇ ಏಳಲಿಲ್ಲ. ಮೌಸಿನ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತಿದ್ದು, ಕಡೆಗೆ ಕಣ್ಣು ಮುಚ್ಚಿ ಒತ್ತಿದರು. ಹೆಸರು ಹೋಯಿತು. ಕಂಪ್ಯೂಟರು ಮತ್ತೆ ಏಳುತ್ತಿರುವಾಗ, ಆ ಮಟಮಟ ಮಧ್ಯಾಹ್ನ, ಸ್ಪೀಕರೇ ಇಲ್ಲದ ಆ ಅಂಗಡಿಯಲ್ಲಿ...

“ಕೇಳುಸ್ತಾ?” ಎಂದರು ಅಕ್ಕ.

“ಕೇಳಿಸ್ತು,” ಎಂದೆ.

ಅಷ್ಟರಲ್ಲಿ ಪರದೆಯ ಮೇಲೆ, ಹೊಸ ಭಾಗವೊಂದು ಸಿಕ್ಕಿದೆ, ಅದರ ಡಿಸ್ಕು ಹಾಕಿ ಎಂಬ ಒಕ್ಕಣೆ ಬಂತು. ಹೆಸರು ಅದೇ. ಅಕ್ಕ ಕರೆಂಟು ತೆಗೆದು ಪೆಟ್ಟಿಗೆ ಬಿಚ್ಚಿದರು. ಕಾರ್ಡಿದ್ದ ಜಾಗ ಖಾಲಿಯಾಗಿತ್ತು. ಮುಚ್ಚಿ, ಮತ್ತೆ ಹಚ್ಚಿದರು. ಮತ್ತೆ ಅದೇ ಒಕ್ಕಣೆ.

“ಇವತ್ತು ಬ್ಯಾಡ,” ಎಂದು ಪರದೆಗೆ ಮೆಲ್ಲಗೆ ಹೇಳಿ ‘ಕ್ಯಾನ್ಸಲ್’ ಒತ್ತಿದರು.

ಆಮೇಲೆ ಕಂಪ್ಯೂಟರು ಎಂದೂ ನಿಲ್ಲಲಿಲ್ಲ. ಪ್ರಶ್ನೆಪತ್ರಿಕೆಗಳು ಪರೀಕ್ಷೆಯ ಹೊತ್ತಿಗೆ ಕೈಸೇರಿದವು. ಆದರೆ ಪ್ರತಿದಿನ ಬೆಳಿಗ್ಗೆ ಹಚ್ಚಿದ ಕೂಡಲೇ ಅದು ಆ ಡಿಸ್ಕು ಕೇಳುತ್ತಿತ್ತು, ಅಕ್ಕ ಅದೇ ಉತ್ತರ ಕೊಡುತ್ತಿದ್ದರು. ಕೇಳದಂತೆ ಮಾಡುವುದು ಅವರಿಗೆ ಗೊತ್ತಿತ್ತು, ಮಾಡಲಿಲ್ಲ. ಗಂಡ ಹೋದಮೇಲೆ ಬತ್ತಿದ್ದ ಮುಖದಲ್ಲಿ ಮೆಲ್ಲಮೆಲ್ಲನೆ ಕಳೆ ಬಂತು. ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

ನನಗೆ ಕೆ.ಆರ್. ಪೇಟೆಗೆ ವರ್ಗವಾಯಿತು. ಅಕ್ಕ ಅಂಗಡಿ ಮುಚ್ಚಿ ತಂಗಿಯ ಮನೆ ಸೇರಿದರೆಂದು ಯಾರೋ ಹೇಳಿದರು. ಹೋಗಿ ಬರಬೇಕೆಂದುಕೊಳ್ಳುತ್ತಲೇ ಇದ್ದೆ... ಹೋದ ವರ್ಷ ಸುದ್ದಿ ತಿಳಿದು ನಾಗಮಂಗಲಕ್ಕೆ ಹೋಗುವಷ್ಟರಲ್ಲಿ ಎಲ್ಲಾ ಮುಗಿದಿತ್ತು.

ಆ ಮಧ್ಯಾಹ್ನ ನನಗೆ ಕೇಳಿಸಿದ್ದು ಗಂಡಸಿನ ಒಂದು ಸಣ್ಣ ಕೆಮ್ಮು. ಅಕ್ಕನಿಗೆ ಕೇಳಿಸಿದ್ದು ಏನೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಇನ್ನು ಕೇಳೋಣವೆಂದರೆ ಅಕ್ಕನೇ ಇಲ್ಲ.