ಡಾಕ್ಟರ್ ವಸುಧಾ ಬದಲಾದ ವಾರ

ಬೆಳಿಗ್ಗೆ ಎದ್ದು, ಬಾಗಿಲಿಗೆ ನೀರು ಹಾಕಿ, ಮಂಜಿನಲ್ಲಿ ಕಂಡೂ ಕಾಣದ ಹಾಗೆ ರಂಗೋಲಿಯ ಎಳೆ ಎಳೆದು, ಒಲೆಯ ಮೇಲೆ ಹಾಲಿಟ್ಟು, ಅದು ಉಕ್ಕುವುದು ಮೊದಲೋ ನಾನು ನೋಡುವುದು ಮೊದಲೋ ಎಂಬ ನಮ್ಮಿಬ್ಬರ ನಿತ್ಯದ ಪಂದ್ಯದಲ್ಲಿ ಎಂದಿನಂತೆ ಸೋತು ಒಲೆ ಒರೆಸಿದ ಮೇಲೆ, ಅಂದು ನಾನು ಮಾಡಿದ ಕೆಲಸ ನನ್ನ ದಿನಚರಿಯಲ್ಲಿ ಇಲ್ಲದ್ದು. ಅಡುಗೆಮನೆಯ ಮೇಲಿನ ಹಲಗೆಯಿಂದ ನೀಲಿ ಫ್ಲಾಸ್ಕನ್ನು ಇಳಿಸಿ, ಬಿಸಿನೀರು ಹಾಕಿ ಕುಲುಕಿ ಕುಲುಕಿ ತೊಳೆದು, ಹಿತ್ತಲ ಬಿಸಿಲಿಗೆ ಬೋರಲು ಹಾಕಿದೆ. ಫ್ಲಾಸ್ಕನ್ನು ಎಷ್ಟೇ ತೊಳೆಯಿರಿ, ಅದರ ಬಿರಡೆಯಲ್ಲಿ ಹಳೆಯ ಕಾಫಿಯ ವಾಸನೆಯೊಂದು ಉಳಿದೇ ಇರುತ್ತದೆ, ಗಮನಿಸಿದ್ದೀರಾ? ಕುಡಿದವರು ಎದ್ದು ಹೋದರೂ ಪರಿಮಳ ಮಾತ್ರ ತನ್ನ ಜಾಗ ಬಿಡುವುದಿಲ್ಲ.

ಯಾರೂ ಕೇಳದೆ ಆ ಫ್ಲಾಸ್ಕನ್ನು ತೊಳೆಯುವುದು ನಮ್ಮ ಬೀದಿಯ ಶಾಸ್ತ್ರಕ್ಕೆ ಸಮ್ಮತವಲ್ಲ. ಗುಂಡ್ಲುಪೇಟೆಯ ನಮ್ಮ ಈ ಗಿಡ್ಡ ಬೀದಿಯಲ್ಲಿ ಅದು ಆಸ್ಪತ್ರೆಯ ಫ್ಲಾಸ್ಕು. ನಮ್ಮ ಅತ್ತೆಯವರ ಕಾಲದಿಂದಲೂ ಯಾರ ಮನೆಯವರು ಆಸ್ಪತ್ರೆ ಸೇರಿದರೂ, ಚಾಮರಾಜನಗರವಾಗಲಿ ಮೈಸೂರಾಗಲಿ, ಅದು ಜೊತೆಗೆ ಹೋಗಬೇಕು. ಈಗ ಮನೆಮನೆಯಲ್ಲೂ ಅದಕ್ಕಿಂತ ಚೆಂದದ ಸ್ಟೀಲ್ ಫ್ಲಾಸ್ಕುಗಳಿವೆ; ಅವು ಊಟಿಗೆ, ಮದುವೆಯ ಬಸ್ಸಿಗೆ. ಆಸ್ಪತ್ರೆಗೆ ಮಾತ್ರ ಈ ನೀಲಿಯದೇ, ಏಕೆಂದರೆ ಅದು ಹೋಗಿ ಬರುವ ದಾರಿ ಬಲ್ಲದು. ನಮ್ಮ ಹೆಂಗಸರು ಆಪರೇಷನ್ ಎಂಬ ಪದವನ್ನು ಬಾಯಿಬಿಟ್ಟು ಆಡುವುದಿಲ್ಲ. ‘ಫ್ಲಾಸ್ಕ್ ಬೇಕಿತ್ತಲ್ಲ’ ಎನ್ನುತ್ತಾರೆ. ಮಿಕ್ಕದ್ದು ತಾನಾಗಿ ತಿಳಿಯುತ್ತದೆ. ತಿರುಗಿ ಕೊಡುವಾಗ ಬರಿದಾಗಿ ಕೊಡುವಂತಿಲ್ಲ, ಮುಚ್ಚಳದ ಲೋಟದಲ್ಲಿ ಒಂದು ಹಿಡಿ ಸಕ್ಕರೆ ಇರಬೇಕು. ಮತ್ತು ಅವರಾಗಿ ಕೇಳುವ ಮೊದಲು ನಾವಾಗಿ ಕೊಡಕೂಡದು. ಕೊಟ್ಟರೆ ಕಾಯಿಲೆಯನ್ನು ಹೆಸರಿಟ್ಟು ಕರೆದ ಹಾಗೆ.

ಅಂದು ಅದನ್ನು ಕೇಳಬೇಕಾಗಿದ್ದವರು, ಇನ್ನೂ ಕೇಳದೆ ಇದ್ದವರು, ಪಕ್ಕದ ಮನೆಯ ರಾಜಮ್ಮಣ್ಣಿ ಅಕ್ಕ. ಅವರ ಕತ್ತಿನ ಮುಂಭಾಗದಲ್ಲಿ ಗಡ್ಡೆಯೊಂದು ನಿಂಬೆಕಾಯಿಯಷ್ಟು ಬೆಳೆದಿತ್ತು. ತಡಮಾಡಿದರೆ ಉಸಿರಿಗೇ ತೊಂದರೆ ಎಂದು ಮೈಸೂರಿನಲ್ಲಿ ಹೇಳಿದ್ದರು. ಮರುದಿನ ಹೋಗಿ ಸೇರಬೇಕು, ಹಾಸಿಗೆಯೂ ಗೊತ್ತಾಗಿತ್ತು. ಈ ಸಲ ತಪ್ಪಿಸಿದರೆ ಮತ್ತೆ ಯಾವಾಗಲೋ. ಅಕ್ಕ ಮಾತ್ರ ಸೆರಗನ್ನು ಕತ್ತಿನ ಸುತ್ತ ತಂದು ಸಿಕ್ಕಿಸಿಕೊಂಡು, ಆ ಮಾತು ಬಂದಾಗೆಲ್ಲ ‘ನೋಡನ ಬುಡು’ ಎಂದು ಒಳಗೆ ಹೋಗಿಬಿಡುತ್ತಿದ್ದರು. ಅವರ ಯಜಮಾನರು ಹೇಳಿ ಹೇಳಿ ದಣಿದಿದ್ದರು. ಕಾರಣ ನಮಗೆಲ್ಲ ಗೊತ್ತಿತ್ತು. ಡಾಕ್ಟರ್ ವಸುಧಾ ಬದಲಾಗಿಬಿಟ್ಟಿದ್ದಳು.

ವಸುಧಾ ಯಾರೆಂದು ಕೇಳುವವರು ಆ ವರ್ಷಗಳಲ್ಲಿ ಸಂಜೆ ಏಳಕ್ಕೆ ಟೀವಿಯ ಮುಂದೆ ಕೂತವರಲ್ಲ. ಆ ಧಾರಾವಾಹಿಗೆ ಉದ್ದವಾದ, ಸುಂದರವಾದ ಹೆಸರೊಂದಿತ್ತು. ನಮ್ಮ ಬೀದಿ ಅದನ್ನು ‘ಆಸ್ಪತ್ರೆ’ ಎಂದೇ ಕರೆಯುತ್ತಿತ್ತು. ಏಳಾಗುವಾಗ ಎದುರುಮನೆಯ ಜಯಮ್ಮ ಬೀದಿಯಲ್ಲಿ ನಿಂತು ‘ಆಸ್ಪತ್ರೆಗ ಯಾರ್ಯಾರ್ ಬತ್ತೀರಿ?’ ಎಂದು ಕೂಗುವುದನ್ನು ಕೇಳಿ, ಊರಿಗೆ ಹೊಸಬರಾದ ಬ್ಯಾಂಕಿನವರೊಬ್ಬರು ಗಾಬರಿಯಾಗಿ ಹೊರಗೆ ಬಂದದ್ದೂ ಉಂಟು. ಎಲ್ಲರೂ ಸೇರುತ್ತಿದ್ದುದು ನಮ್ಮ ಮನೆಯ ನಡುಮನೆಯಲ್ಲಿ, ಏಕೆಂದರೆ ಕರೆಂಟು ಹೋದರೆ ನಮ್ಮಲ್ಲಿ ಬ್ಯಾಟರಿ ಇತ್ತು.

ಎಂಥ ಆಸ್ಪತ್ರೆ ಅದು! ಗೋಡೆಗಳು ಹಾಲಿನಂತೆ, ನರ್ಸುಗಳು ಮದುವಣಗಿತ್ತಿಯರಂತೆ. ಕಿಟಕಿ ಪಕ್ಕದ ಹಾಸಿಗೆಯ ತಾತ ನಾವು ನೋಡಲು ತೊಡಗಿದಂದಿನಿಂದ ಗುಣವೂ ಆಗದೆ ಗತಿಸಲೂ ಆಗದೆ, ಮಲಗಿದಲ್ಲಿಂದಲೇ ಎಲ್ಲರಿಗೂ ವಿವೇಕ ಹೇಳುತ್ತಿದ್ದ. ಡಾಕ್ಟರ್ ಕಿರಣನಿಗೆ ನೆನಪು ಹೋಗುವುದೂ ಬರುವುದೂ ನಮ್ಮೂರ ನಲ್ಲಿ ನೀರಿನ ಹಾಗೆ. ಪಾರ್ವತಿ ಎಂಬ ನರ್ಸ್ ಟ್ರೇನಿಂಗಿಗೆಂದು ಹೋದವಳು ಬರಲೇ ಇಲ್ಲ. ಆಕೆಗೆ ನಿಜದಲ್ಲಿ ಹೆರಿಗೆಯಾಯಿತೆಂದು ಜಯಮ್ಮ ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ವಾರಪತ್ರಿಕೆ ತಂದು ಮಗುವಿನ ಫೋಟೋ ಸಮೇತ ಸಾಬೀತು ಮಾಡಿದರು. ತೆರಕಣಾಂಬಿಯಿಂದ ಮದುವೆಯಾಗಿ ಬಂದ ಈ ಜಯಮ್ಮ ಧಾರಾವಾಹಿಗಳ ವಿಷಯದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ. ಹಾಗಾಗಿ ಮೂಗುತಿಯ, ತಗ್ಗಿದ ದನಿಯ ನಮ್ಮ ವಸುಧಾ ‘ಡೆಲ್ಲಿಯಲ್ಲಿ ಮೀಟಿಂಗ್ ಇದೆ’ ಎಂದು ಸೂಟ್‌ಕೇಸು ಹಿಡಿದು ಹೊರಟ ಸಂಜೆಯೇ ತೀರ್ಪು ಹೊರಬಿತ್ತು.

“ಈ ಟೀವಿಯೋರು ಯಾರ್ನಾದ್ರೂ ಡೆಲ್ಲಿಗ ಕಳಿಸುದ್ರು ಅಂದ್ರ ಅವ್ರು ತಿರ್ಗಾ ಬರಕಿಲ್ಲ ಅಂತ್ಲೇ ಲೆಕ್ಕ ಕಣಕ್ಕ. ಆಯಮ್ಮ ಸಿನಿಮಾಗ ಹೊಂಟೋದ್ಲು.”

“ಗೇಟ್ ತಾವ ‘ಬತ್ತೀನಿ’ ಅಂದ್ಲಲ್ಲ?” ಎಂದರು ರಾಜಮ್ಮಣ್ಣಿ ಅಕ್ಕ.

“ಎಲ್ರೂ ಹಂಗೇ ಅಂತರ. ಹೋಯ್ತೀನಿ ಅಂತ ಯಾರಾರ ಅಂದರಾ?”

ಅಕ್ಕ ಅಂದು ನಗಲಿಲ್ಲ. ಅದಕ್ಕೆ ಹಿನ್ನೆಲೆಯೊಂದಿದೆ. ಮೈಸೂರಿನ ಆಸ್ಪತ್ರೆಯಲ್ಲಿ ಅವರನ್ನು ಮೊದಲು ಪರೀಕ್ಷಿಸಿದವರು ತಲೆ ನರೆತ ಮಹಿಳೆ. ಅವರೆದುರು ಅಕ್ಕ, ‘ಗಡ್ಡೆ ಬೆಳ್ಯಕ ಬುಡಬಾರ್ದು, ಬೇಗ ತೆಗಿಸ್ಬುಡಿ ಅಂತ ವಸುಧಾ ಡಾಕ್ಟ್ರು ಹೇಳವ್ರ’ ಎಂದುಬಿಟ್ಟಿದ್ದರು. ಜೊತೆಗೆ ಹೋಗಿದ್ದ ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆ ಡಾಕ್ಟರು ನಗಲಿಲ್ಲ. ಚೀಟಿ ಬರೆಯುವುದನ್ನು ನಿಲ್ಲಿಸಿ, ‘ಅವರು ಸರಿಯಾಗೇ ಹೇಳಿದ್ದಾರಮ್ಮ, ನಾನೂ ಅದನ್ನೇ ಹೇಳೋದು’ ಎಂದರು. ಆ ಒಂದು ಮಾತಿನಿಂದ ಅಕ್ಕನಿಗೆ ಆಪರೇಷನ್ನಿನ ಭಯ ಅರ್ಧ ಕರಗಿತ್ತು. ಒಬ್ಬ ಡಾಕ್ಟರ್ ಹೇಳಿದ್ದನ್ನು ಇನ್ನೊಬ್ಬ ಡಾಕ್ಟರ್ ಒಪ್ಪಿದ್ದರಲ್ಲ!

ನಾನು ಫ್ಲಾಸ್ಕ್ ತೊಳೆದ ದಿನಕ್ಕೆ ಒಂದು ವಾರ ಮೊದಲು ಕಡೆಯ ಪರೀಕ್ಷೆಗೆಂದು ಹೋದಾಗ ಆ ಕುರ್ಚಿಯಲ್ಲಿ ಬೇರೆ ಮುಖವಿತ್ತು. ಹಳೆಯವರಿಗೆ ಬೇರೆ ಊರಿಗೆ ವರ್ಗವಂತೆ. ಆಪರೇಷನ್ ಮಾಡುವವರು ಇವರೇ, ಕಾಲೇಜು ಬಿಟ್ಟು ಈಗಷ್ಟೇ ಬಂದಂತೆ ಕಾಣುವ ಹುಡುಗಿ. ಅಕ್ಕ ಹಿಂತಿರುಗಿ ಬಂದು ನೇರವಾಗಿ ನಮ್ಮ ಟೀವಿಯ ಮುಂದೆ ಕೂತರು. ಅದೇ ಸಂಜೆ ವಸುಧಾ ಸೂಟ್‌ಕೇಸು ಎತ್ತಿಕೊಂಡಳು. ಕಾಕತಾಳೀಯ ಎಂದು ನಾನು ಹೇಳಬಹುದು. ಆದರೆ ಕೂತಿದ್ದ ಕೊಂಬೆ ಅಲ್ಲಾಡಿದಾಗ ಕಾಗೆಗೆ ಕಾಕತಾಳೀಯ ನ್ಯಾಯ ವಿವರಿಸಿ ಫಲವೇನು?

ನಾನು ಬೋರಲು ಹಾಕಿದ ಫ್ಲಾಸ್ಕಿನ ಮೇಲೆ ಬಿಸಿಲು ಏರಿತು. ಮಧ್ಯಾಹ್ನ ಜಗಲಿಯ ಮೇಲೆ ಅಕ್ಕ, ಜಯಮ್ಮ, ನಾನು ಮೂವರೂ ಅವರೆಕಾಯಿ ಬಿಡಿಸಲು ಕೂತೆವು. ಹೆದ್ದಾರಿಯ ಕಡೆಯಿಂದ ಕೇರಳಕ್ಕೆ ತರಕಾರಿ ಹೊತ್ತ ಲಾರಿಗಳ ಸದ್ದು ನಿದ್ದೆಯಲ್ಲಿ ಕೇಳಿದಂತೆ ಕೇಳುತ್ತಿತ್ತು. ಅಂದು ಸಂಜೆ ಹೊಸ ವಸುಧಾ ಬರುವಳೆಂದು ವಾರಪತ್ರಿಕೆ ಮೊದಲೇ ಸಾರಿತ್ತು. ಅವಳಿಗೆ ಮೂಗುತಿ ಇಲ್ಲವಂತೆ. ಅದೇ ಜಯಮ್ಮನ ಮೊದಲ ಆಕ್ಷೇಪ. ಕಿರಣ ಇವಳನ್ನು ಹೆಂಡತಿ ಎಂದು ಗುರುತಿಸುವುದು ಹೇಗೆ, ಎರಡನೆಯದು.

“ಅವನ್ಗ ಹೆಂಗೂ ಗ್ಯಾನ ಇಲ್ವಲ್ಲ, ಯಾರ್ನ ತಂದು ನಿಲ್ಸುದ್ರೂ ಆಯ್ತದ,” ಎಂದು ಅವರೇ ಉತ್ತರವನ್ನೂ ಹೇಳಿಕೊಂಡರು.

“ಪಾತ್ರ ಅದೇ ಅಲ್ವಾ ಜಯಮ್ಮ, ಮುಖ ಮಾತ್ರ ತಾನೇ ಬದಲಾಗೋದು?” ಎಂದೆ ನಾನು.

“ಕಾನ್ವೆಂಟಮ್ಮ ಪಾಠ ಸುರು ಮಾಡುದ್ಲು,” ಎಂದು ಜಯಮ್ಮ ನನ್ನತ್ತ ಸೊಗಡಿನ ಸಿಪ್ಪೆಯೊಂದನ್ನು ಎಸೆದರು.

ರಾಜಮ್ಮಣ್ಣಿ ಅಕ್ಕ ಕಾಳಿನಿಂದ ಕಣ್ಣೆತ್ತಲಿಲ್ಲ. “ಮುಖ ಬದ್ಲಾದ್ರ ಬದ್ಲಾಗ್ಲಿ ಕಣವ್ವ. ಕೈಯೂ ಬದ್ಲಾಯ್ತದಲ್ಲ,” ಎಂದರು.

ನಾವು ಯಾರ ಕೈಯ ಮಾತಾಡುತ್ತಿದ್ದೇವೆಂದು ಜಯಮ್ಮನಿಗೂ ತಿಳಿಯಿತು. ಮೂಗುತಿಯ ಮಾತು ಬಿಟ್ಟು ಇನ್ನೊಂದು ಹಿಡಿ ಕಾಯಿ ಮಡಿಲಿಗೆ ಎಳೆದುಕೊಂಡರು.

ಆಗ ನನಗೆ ಚಾಮರಾಜನಗರದ ನನ್ನ ಕಾನ್ವೆಂಟು ನೆನಪಾಯಿತು. ನಾಲ್ಕನೆಯ ಕ್ಲಾಸಿನಲ್ಲಿ ನಮಗೆ ಸಿಸ್ಟರ್ ಆಗ್ನೆಸ್ ಎಂದರೆ ಪ್ರಾಣ. ವರ್ಷದ ನಡುವೆ ಒಂದು ಸೋಮವಾರ ಅವರಿರಲಿಲ್ಲ. ದೂರದ ಯಾವುದೋ ಊರಿಗೆ ಕಳಿಸಿದ್ದರು. ಅವರ ಜಾಗದಲ್ಲಿ ಅದೇ ಬಿಳಿ ನಿಲುವಂಗಿ, ಅದೇ ಶಿಲುಬೆಯ ಸರ, ಒಳಗೆ ಮಾತ್ರ ಬೇರೆ ಯಾರೋ. ದೇವರು ಪೋಷಾಕು ಉಳಿಸಿಕೊಂಡು ಮನುಷ್ಯರನ್ನು ಬದಲಿಸಿದ್ದ. ಆ ಹೊಸ ಸಿಸ್ಟರನ್ನು ಪ್ರೀತಿಸಬಾರದೆಂದು ನಾವು ಹುಡುಗಿಯರು ಮರದ ಕೆಳಗೆ ಪ್ರತಿಜ್ಞೆ ಮಾಡಿದೆವು. ನಾನು, ಪುಕ್ಕಲಿ, ಎಲ್ಲರಿಗಿಂತ ಜೋರಾಗಿ. ಬೋರ್ಡಿನ ಮೇಲೆ ಸಿಸ್ಟರ್ ಆಗ್ನೆಸ್ ಶುಕ್ರವಾರ ಅರ್ಧಕ್ಕೆ ಬಿಟ್ಟ ಭಾಗಾಕಾರವೊಂದು ಹಾಗೇ ಇತ್ತು. ಇವರು ಬಂದವರೇ ಡಸ್ಟರಿಗೆ ಕೈ ಹಾಕುವರೆಂದು ನಾವು ಅಳಲು ಸಿದ್ಧವಾಗಿದ್ದೆವು. ಅವರು ಅಳಿಸಲಿಲ್ಲ. ಬೋರ್ಡನ್ನು ಒಂದು ಗಳಿಗೆ ನೋಡಿ, ಕೆಳಗಿದ್ದ ಮೋಟು ಸೀಮೆಸುಣ್ಣ ಎತ್ತಿಕೊಂಡು, ಸಿಸ್ಟರ್ ಆಗ್ನೆಸ್ ನಿಲ್ಲಿಸಿದ ಸಾಲಿನಿಂದಲೇ ಮುಂದುವರಿಸಿದರು. ಮೇಲೆ ದುಂಡು ಅಂಕೆ, ಕೆಳಗೆ ಓರೆ ಅಂಕೆ, ನಡುವೆ ಒಂದೇ ಲೆಕ್ಕ.

ಇದನ್ನು ನಾನು ಜಗಲಿಯಲ್ಲಿ ಹೇಳಿದೆ. ನನ್ನ ವರ್ಣನೆಗೆ ನಾನೇ ಸ್ವಲ್ಪ ಕರಗಿ ಹೋಗಿದ್ದೆ. ಅಕ್ಕ ಕೇಳಿದ್ದು ಒಂದೇ.

“ಲೆಕ್ಕ ಸರಿ ಬಂತಾ?”

“ಬಂತು ಅಕ್ಕ.”

“ಸೇಸ ಉಳೀನಿಲ್ವಾ?”

“ಉಳೀಲಿಲ್ಲ.”

ಅವರು ಸೆರಗನ್ನು ಕತ್ತಿಗೆ ಇನ್ನೊಂದು ಸುತ್ತು ತಂದುಕೊಂಡು, ತಮ್ಮ ಪಾಲಿನ ಕಾಳನ್ನು ಎತ್ತಿಕೊಂಡು ಹೋದರು. ಫ್ಲಾಸ್ಕಿನ ಮಾತು ಬರಲಿಲ್ಲ.

ಹಿತ್ತಲಿಂದ ಅದನ್ನು ಒಳಗೆ ತಂದು ಒರೆಸುತ್ತ ನಾನು ಹಗಲುಗನಸಿಗೆ ಬಿದ್ದೆ. ಈ ಫ್ಲಾಸ್ಕು ಒಂದೇ ಒಂದು ಸಲ ಬರಿದಾಗಿ ಮನೆಗೆ ಬಂದಿತ್ತು, ಅತ್ತೆಯವರ ಜೊತೆ ಹೋಗಿ, ಅವರಿಲ್ಲದೆ. ತಂದವಳು ನಾನೇ. ಜಗಲಿಯ ಮೇಲಿಟ್ಟು ಕೂತಿದ್ದೆ. ರಾಜಮ್ಮಣ್ಣಿ ಅಕ್ಕ ತಮ್ಮ ಮನೆಯಿಂದ ಹಿಡಿ ಸಕ್ಕರೆ ತಂದು ಮುಚ್ಚಳದ ಲೋಟಕ್ಕೆ ಹಾಕಿ, ಒಳಗೆ ಇಟ್ಟು ಬಂದರು. ಆಮೇಲೆ ಅಡುಗೆಮನೆಯಲ್ಲಿ ಅತ್ತೆಯವರ ಪಾತ್ರಕ್ಕೆ ನಾನು ಬಂದೆ, ಟೀವಿಯಲ್ಲಿ ಸಾರುವ ಹಾಗೆ ಯಾವ ಗಂಭೀರ ದನಿಯೂ ‘ಇನ್ನು ಮುಂದೆ ಈ ಪಾತ್ರದಲ್ಲಿ’ ಎಂದು ಘೋಷಿಸದೆ. ನನ್ನ ಸಾರಿನ ಮೊದಲ ತುತ್ತು ಬಾಯಿಗಿಟ್ಟ ಮಾವನವರ ಮುಖದಲ್ಲಿ ನಟಿ ಬದಲಾದ ಧಾರಾವಾಹಿ ನೋಡುವವರ ಭಾವವೇ ಇತ್ತು. ಬೈಯಲಿಲ್ಲ, ಚಾನೆಲ್ ಬದಲಿಸುವ ಉಪಾಯವಂತೂ ಅವರಿಗಿರಲಿಲ್ಲ. ಅತ್ತೆಯವರ ಹಾಗೆ ಮಾಡಬೇಕೆಂದು ನಾನು ಹೆಣಗಿದಷ್ಟು ಕಾಲವೂ ಸಾರು ಸೋಲುತ್ತಲೇ ಹೋಯಿತು. ಒಂದು ದಿನ ಯಾವುದೋ ಯೋಚನೆಯಲ್ಲಿ, ನನ್ನ ತವರಿನ ರೂಢಿಯಂತೆ ಜೀರಿಗೆ ತುಸು ಹೆಚ್ಚಾಗಿ ಹಾಕಿಬಿಟ್ಟೆ. ಮಾವನವರು ತಟ್ಟೆ ಮುಂದೆ ತಳ್ಳಿ, ‘ಇನ್ನೊಂದು ಸೌಟು ಬಿಡಮ್ಮ’ ಎಂದರು. ಹಿಂದಿನವರನ್ನು ಅಳಿಸದೆಯೂ ನಮ್ಮ ಅಂಕೆಯನ್ನು ನಾವು ಓರೆಯಾಗಿಯೇ ಬರೆಯಬಹುದೆಂದು ಅಂದು ಹೊಳೆದಿರಬೇಕು. ಹೊಳೆದದ್ದು ಸಾರಿನ ಹಬೆಯಲ್ಲಿ, ಹಾಗಾಗಿ ಬೇಗ ಆರಿಹೋಯಿತು.

ಸಂಜೆ ಏಳಕ್ಕೆ ಎಲ್ಲರೂ ಸೇರಿದರು. ಅಕ್ಕ ಬರುವುದಿಲ್ಲವೇನೋ ಎಂದುಕೊಂಡಿದ್ದೆ. ಬಂದರು, ಗೋಡೆಗೆ ಒರಗಿ ಕೂತರು. ‘ಇನ್ನು ಮುಂದೆ ಡಾಕ್ಟರ್ ವಸುಧಾ ಪಾತ್ರದಲ್ಲಿ’ ಎಂದು ಆ ಗಂಭೀರ ದನಿ ಹೆಸರೊಂದನ್ನು ಸಾರಿತು. ಬಾಗಿಲು ತೆರೆದು ಎತ್ತರದ, ಮೂಗುತಿ ಇಲ್ಲದ ಹುಡುಗಿ ಒಳಬಂದಳು. ಇಡೀ ಆಸ್ಪತ್ರೆ ಏನೂ ಆಗದವರ ಹಾಗೆ ‘ಡೆಲ್ಲಿ ಹೇಗಿತ್ತು ಡಾಕ್ಟರ್?’ ಎಂದು ಕೇಳಿತು. ಜಯಮ್ಮ ‘ಥೂ, ಕಣ್ ಕಾಣಕಿಲ್ವಾ ಇವ್ರಿಗ’ ಎಂದರು. ಹೊಸ ವಸುಧಾ ಕಿಟಕಿ ಪಕ್ಕದ ತಾತನ ಬಳಿ ನಿಂತಳು. ನಾಡಿ ಹಿಡಿಯುವ ಮುಂಚೆ ತನ್ನ ಎರಡೂ ಅಂಗೈಗಳನ್ನು ಒಂದಕ್ಕೊಂದು ಉಜ್ಜಿದಳು. ಆಮೇಲೆ ಮುಟ್ಟಿದಳು. ಅಷ್ಟೇ, ಕಥೆ ಇನ್ನೆಲ್ಲಿಗೋ ಓಡಿತು, ಕಿರಣ ಏನನ್ನೋ ಮರೆತ, ಸೋಪಿನ ಜಾಹೀರಾತು ಬಂತು. ನಾನು ಪರದೆಯನ್ನು ಬಿಟ್ಟು ಅಕ್ಕನನ್ನು ನೋಡುತ್ತಿದ್ದೆ. ಅವರು ತಮ್ಮ ಎಡಗೈಯಿಂದ ಕತ್ತಿನ ಸೆರಗನ್ನು ಸಡಿಲ ಮಾಡಿಕೊಂಡರು.

ಮುಗಿದ ಮೇಲೆ ಎಲ್ಲರೂ ಎದ್ದರು. ಜಯಮ್ಮ ಮೂಗುತಿಯ ವಿಚಾರಣೆಯನ್ನು ಮುಂದುವರಿಸುತ್ತ ಬೀದಿ ದಾಟಿದರು. ಅಕ್ಕ ಹೊಸ್ತಿಲಲ್ಲಿ ಚಪ್ಪಲಿಗೆ ಕಾಲು ಹುಡುಕುತ್ತ ನಿಂತರು.

“ಹಳಬಳು ಒಂದಿನಾನೂ ಕೈ ಬಿಸಿ ಮಾಡ್ಕಂಡು ಮುಟ್ಟನಿಲ್ಲ ಅಲ್ವಾ?” ಎಂದರು. “ಆ ಮೈಸೂರ್ ಹುಡ್ಗಿ ಕೈಯೂ ಬೆಚ್ಚಗಿತ್ತು ಕಣವ್ವ. ನಾನೇ ಮರ್ತೇಬುಟ್ಟಿದ್ದಿ.”

ನಾನು ಬಾಗಿಲ ದೀಪ ಹಾಕಿದೆ, ಅಷ್ಟೇ. ಬಾಯಿ ತೆರೆದಿದ್ದರೆ ಇಂಗ್ಲಿಷ್ ಮೀಡಿಯಮ್ಮಿನ ಏನೋ ಒಂದು ಹೇಳಿ ಕೆಡಿಸುತ್ತಿದ್ದೆ.

“ಫ್ಲಾಸ್ಕ್ ಬೇಕಿತ್ತಲ್ಲ,” ಎಂದರು ಅಕ್ಕ.

ಒಳಗಿಂದ ತಂದುಕೊಟ್ಟೆ. ಅವರು ಬಿರಡೆ ತೆಗೆದು ಮೂಸಿ, ಮುಖ ಸೊಟ್ಟ ಮಾಡಿ, ಮತ್ತೆ ಮುಚ್ಚಿ ಕಂಕುಳಲ್ಲಿ ಸಿಕ್ಕಿಸಿಕೊಂಡರು. ಮೆಟ್ಟಿಲಿಳಿದು ಅರ್ಧ ದಾರಿಗೆ ಹೋದವರು ತಿರುಗಿಯೂ ನೋಡದೆ ಹೇಳಿದರು:

“ತಿರ್ಗಾ ತರುವಾಗ ಸಕ್ಕರೆ ಹಾಕಕಿಲ್ಲ ಕಣವ್ವ, ಬೆಲ್ಲ ಹಾಕ್ತೀನಿ. ಹೊಸ ಬೆಲ್ಲ ಬಂದದ.”