ಒಂದೇ ಸಲ ಕೇಳುವವರ ಊರು

ಅವಳಿಗೆ ಬೇಡಮ್ಮ ಎಂದು ಹೆಸರಿಟ್ಟವರು ಅವಳ ಸೋದರಮಾವ. ಎರಡು ವರ್ಷದ ಮಗುವಿಗೆ ಬಿಸ್ಕತ್ತು ಕೊಡಲು ಹೋದರೆ ಅದು ಕೈ ಹಿಂದೆ ಕಟ್ಟಿಕೊಂಡು, ಕಣ್ಣನ್ನು ಬಿಸ್ಕತ್ತಿನ ಮೇಲೇ ನೆಟ್ಟು, "ಬೇಡ" ಎಂದಿತಂತೆ. ಮಾವ ಬಿದ್ದು ಬಿದ್ದು ನಕ್ಕರು. ತಾಯಿ ನಗಲಿಲ್ಲ. ಮಗಳಿಗೆ ಬುದ್ಧಿ ಬಂತು ಎಂದು ಸಮಾಧಾನಪಟ್ಟರು.

ಆ ಮನೆಯ ಕಾನೂನು ಅದು. ಯಾರು ಏನೇ ಕೊಡಲಿ, ಮೊದಲ ಸಲ ಬೇಡ ಎನ್ನಬೇಕು. ಎರಡನೇ ಸಲ "ಅಯ್ಯೋ, ಸುಮ್ನೆ ಯಾಕೆ ತೊಂದ್ರೆ" ಎನ್ನಬೇಕು. ಮೂರನೇ ಸಲ ಕೇಳಿದರೆ ಅವರ ಮನಸ್ಸು ನೋಯಿಸಬಾರದೆಂಬಂತೆ ಮುಖ ಮಾಡಿಕೊಂಡು ಕೈ ಚಾಚಬೇಕು. ಮೊದಲ ಮಾತಿಗೇ ಹೂಂ ಎಂದವರನ್ನು ತಾಯಿ "ಅನ್ನ ಕಾಣದವರು" ಎನ್ನುತ್ತಿದ್ದರು. ಈ ಕಾನೂನಿನಿಂದ ಯಾರೂ ಉಪವಾಸ ಬಿದ್ದಿರಲಿಲ್ಲ, ಏಕೆಂದರೆ ಸುತ್ತಮುತ್ತಲಿನವರಿಗೂ ಅದು ಗೊತ್ತಿತ್ತು. ದೊಡ್ಡವಳಾಗಿ ವಿಶ್ವವಿದ್ಯಾಲಯದಲ್ಲಿ ಹಳೆಯ ಪುಸ್ತಕಗಳನ್ನು ರಿಪೇರಿ ಮಾಡುವ ವಿದ್ಯೆ ಕಲಿಯುತ್ತಿದ್ದಾಗ, ವಿಭಾಗದ ಮುಖ್ಯಸ್ಥರು ಕರೆದು ಒಂದು ಸೆಮಿಸ್ಟರ್ ಹೊರದೇಶದಲ್ಲಿ ಓದಿ ಬರ್ತೀಯಾ ಎಂದು ಕೇಳಿದರು. ಬೇಡ ಸರ್ ಎಂದಳು. ಅವರೂ ಇಂಥದೇ ಮನೆಯಲ್ಲಿ ಬೆಳೆದವರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಕೇಳಿದರು, ಚಹಾ ತರಿಸಿ ಮತ್ತೊಮ್ಮೆ ಕೇಳಿದರು. ಬೇಡಮ್ಮ ವಿಮಾನ ಹತ್ತಿದಳು.

ಇಳಿದ ಊರಿನಲ್ಲಿ ಜನ ಒಂದೇ ಸಲ ಕೇಳುತ್ತಿದ್ದರು.

ಮೊದಲ ಸಂಜೆ ಮನೆಯೊಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಸೂಪ್ ಇದೆ, ಕುಡೀತೀಯಾ?" ಎಂದಳು.

"ಬೇಡ, ಪರವಾಗಿಲ್ಲ."

"ಸರಿ," ಎಂದು ಮನೆಯೊಡತಿ ಪಾತ್ರೆಗೆ ಮುಚ್ಚಳ ಹಾಕಿದಳು. ಬೇಡಮ್ಮ ಕೋಣೆಯ ಬಾಗಿಲನ್ನು ಅರ್ಧ ತೆರೆದಿಟ್ಟು, ಕರೆದರೆ ಕೇಳಿಸುವ ಜಾಗದಲ್ಲಿ ಕೂತು ಕಾದಳು. ಪಾತ್ರೆ ತೊಳೆದ ಸದ್ದು ಕೇಳಿಸಿತು, ಆಮೇಲೆ ಅಡುಗೆಮನೆಯ ದೀಪ ಆರಿತು. ಇನ್ನೊಂದು ಕಂಬಳಿ ಬೇಕಾ ಎಂದಾಗಲೂ ಬೇಡ ಎಂದು, ಕೋಟು ತೊಟ್ಟೇ ಮಲಗಿದಳು. ಜೊತೆಗೆ ಓದುವವನೊಬ್ಬ ಛತ್ರಿಯೊಳಗೆ ಬಾ ಎಂದಾಗ ಬೇಡ ಎಂದು, ತೊಯ್ದು ತೊಪ್ಪೆಯಾಗಿ ತರಗತಿಗೆ ಬಂದಳು. ಅಲ್ಲಿನವರ ಮೇಲೆ ಅವಳಿಗೆ ಸಿಟ್ಟೇನೂ ಬರಲಿಲ್ಲ. ಪಾಪ, ಇವರಿಗೆ ಮನೆಯಲ್ಲಿ ಯಾರೂ ಹೇಳಿಕೊಟ್ಟಿಲ್ಲ ಎಂದುಕೊಂಡಳು.

ಹೊಟ್ಟೆಯ ವಿಷಯದಲ್ಲಿ ಬುದ್ಧಿ ಬೇಗ ಬಂತು. ಕೆಲವು ದಿನ ಕಳೆಯುವಷ್ಟರಲ್ಲಿ ಸೂಪಿಗೆ ಮೊದಲ ಮಾತಿಗೇ ಹೂಂ ಎನ್ನಲು ಕಲಿತಳು, ಕಿವಿ ಬಿಸಿಯಾಗುತ್ತಿತ್ತು ಅಷ್ಟೇ. ಆದರೆ ಅದು ಸೂಪು. ದೊಡ್ಡ ವಿಷಯಗಳಲ್ಲಿ ಮರ್ಯಾದೆ ಬಿಡಲಾಗುತ್ತದೆಯೇ?

ಅವಳ ತರಗತಿ ಎಂದರೆ ಹಳೆಯ ಕಟ್ಟಡದ ಮೇಲಿನ ಮಹಡಿಯ ಒಂದು ಉದ್ದನೆಯ ಕೋಣೆ. ದೊಡ್ಡ ಕಿಟಕಿ, ಕಿಟಕಿಯುದ್ದಕ್ಕೂ ಮೇಜು, ಮೇಜಿನ ತುಂಬ ಹುಳ ತಿಂದ ಪುಸ್ತಕಗಳು. ಪುಟವನ್ನು ಗಾಜಿನ ಮೇಲೆ ಹಾಸಿ, ತೂತಿನ ಅಳತೆಗೆ ತೆಳು ಕಾಗದವನ್ನು ಬೆರಳಲ್ಲೇ ಹರಿದು, ನೀರಾಗಿ ಕಲಸಿದ ಅಂಟು ಸವರಿ ಕೂರಿಸಬೇಕು. ಉಸಿರು ಜೋರಾಗಿ ಬಿಟ್ಟರೆ ಕಾಗದ ಹಾರಿಹೋಗುತ್ತದೆ. ಈ ಕೆಲಸ ಕಲಿಸುತ್ತಿದ್ದ ಹೆಂಗಸಿಗೆ ಬೇಡಮ್ಮ ಮನಸ್ಸಿನಲ್ಲೇ ಗೋಂದು ಮೇಡಂ ಎಂದು ಹೆಸರಿಟ್ಟಿದ್ದಳು. ಗೋಂದು ಮೇಡಂ ಮಾತಿನಲ್ಲಿ ಬಹಳ ಜಿಪುಣಿ. ಕೆಲಸ ಕೆಟ್ಟರೆ "ಇನ್ನೊಮ್ಮೆ" ಎನ್ನುತ್ತಿದ್ದಳು, ಚೆನ್ನಾಗಿದ್ದರೆ ಏನೂ ಅನ್ನದೆ ಮುಂದಿನ ಮೇಜಿಗೆ ಹೋಗುತ್ತಿದ್ದಳು. ದಿನ ಕಳೆದಂತೆ ಬೇಡಮ್ಮನ ಮೇಜಿನ ಬಳಿ ಅವಳು ಬಾಯಿ ಬಿಡುವುದೇ ನಿಂತುಹೋಯಿತು. ಬೇಡಮ್ಮನಿಗೆ ಜೀವನದಲ್ಲಿ ಅಷ್ಟು ಖುಷಿ ಹಿಂದೆಂದೂ ಆಗಿರಲಿಲ್ಲ. ಸಾಯುವ ತನಕ ಈ ಕೋಣೆಯಲ್ಲೇ ತೂತು ಮುಚ್ಚಿಕೊಂಡಿರಬೇಕು ಎಂದು ಅವಳಿಗೆ ಅನ್ನಿಸುತ್ತಿತ್ತು.

ಸೆಮಿಸ್ಟರ್ ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ ಗೋಂದು ಮೇಡಂ ಪಕ್ಕದಲ್ಲಿ ಬಂದು ನಿಂತಳು. ಕೈಯಲ್ಲಿದ್ದ ಬ್ರಷ್ಷನ್ನೇ ನೋಡುತ್ತ, "ಇನ್ನೊಂದು ವರ್ಷ ಇಲ್ಲೇ ಇದ್ದು ನನ್ನ ಜೊತೆ ಕೆಲಸ ಮಾಡ್ತೀಯಾ? ಒಬ್ಬರಿಗೆ ಜಾಗ ಇದೆ," ಎಂದಳು.

ಬೇಡಮ್ಮನಿಗೆ ಹೂಂ ಎಂದು ಕೂಗಬೇಕೆನ್ನಿಸಿತು. ಬಾಯಿ ಮಾತ್ರ ಹುಟ್ಟಿನಿಂದ ಕಲಿತದ್ದನ್ನು ಹೇಳಿತು. "ಬೇಡ ಮೇಡಂ, ಸುಮ್ನೆ ನಿಮಗ್ಯಾಕೆ ತೊಂದ್ರೆ."

"ಸರಿ," ಎಂದು ಗೋಂದು ಮೇಡಂ ನಲ್ಲಿಯ ಹತ್ತಿರ ಹೋಗಿ ಬ್ರಷ್ ತೊಳೆಯತೊಡಗಿದಳು. ಆ ಬ್ರಷ್ ಆಗಲೇ ಶುಭ್ರವಾಗಿತ್ತು.

ಅಂದು ಸಂಜೆ ಫೋನಿನಲ್ಲಿ ವಿಷಯ ಕೇಳಿದ ತಾಯಿಗೆ ಹಿಗ್ಗೋ ಹಿಗ್ಗು. "ಬೇಡ ಅಂದ್ಯಲ್ಲ? ಒಳ್ಳೇದಾಯ್ತು. ಮೊದಲ್ನೇ ಸಲಕ್ಕೇ ಬಾಯ್ಬಿಟ್ರೆ ಏನಂದ್ಕೊಳ್ತಾರೆ? ಇನ್ನೊಂದ್ಸಲ ಕೇಳ್ತಾರೆ, ನೋಡ್ತಿರು."

ಬೇಡಮ್ಮ ನೋಡುತ್ತಿದ್ದಳು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದಳು. ಮೇಡಂ ಹಾದುಹೋದಾಗಲೆಲ್ಲ ಕೆಮ್ಮುತ್ತಿದ್ದಳು. ಗೋಂದು ಮೇಡಂ ಒಂದು ದಿನ ಕೆಮ್ಮಿನ ಮಾತ್ರೆ ತಂದು ಮೇಜಿನ ಮೇಲಿಟ್ಟಳು. ಮರುದಿನ ಪಕ್ಕದ ಮೇಜಿನ ಉದ್ದನೆಯ ಹುಡುಗ, "ಗೊತ್ತಾ, ಮೇಡಂ ನನಗೆ ಇನ್ನೊಂದು ವರ್ಷ ಇರು ಅಂದ್ರು. ಹೂಂ ಅಂದೆ," ಎಂದು ಹಲ್ಲು ಕಿರಿದ. ಅವನ ತೇಪೆಗಳು ಒಂದೂ ನೆಟ್ಟಗೆ ಕೂರುತ್ತಿರಲಿಲ್ಲ. ಬೇಡಮ್ಮ ಅವನ ಕೈ ಕುಲುಕಿ ಅಭಿನಂದಿಸಿ, ಸೀದಾ ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಮುಖ ತೊಳೆದು ಹೊರಬಂದವಳು ತನ್ನ ಮೇಜಿಗೆ ಹೋಗದೆ ಗೋಂದು ಮೇಡಂ ಮುಂದೆ ಹೋಗಿ ನಿಂತಳು. "ಮೇಡಂ, ಆ ಜಾಗ ನನಗೆ ಬೇಕಿತ್ತು."

"ಬೇಡ ಅಂದ್ಯಲ್ಲ?"

ಬೇಡಮ್ಮ ತಮ್ಮ ಮನೆಯ ಕಾನೂನನ್ನು ಬಿಡಿಸಿ ಹೇಳಿದಳು. ಆ ಭಾಷೆಯಲ್ಲಿ ಹೇಳುವಾಗ ಅದು ಹುಚ್ಚರ ಮನೆಯ ಕಾನೂನಿನಂತೆ ಅವಳಿಗೇ ಕೇಳಿಸಿತು. ಗೋಂದು ಮೇಡಂ ನಗಲಿಲ್ಲ.

"ನನಗೆ ಜನರನ್ನ ಏನಾದ್ರೂ ಕೇಳೋದು ಅಂದ್ರೆ ಜೀವ ಹೋಗುತ್ತೆ," ಎಂದಳು. "ನಿನ್ನನ್ನ ಕೇಳಬೇಕು ಅಂತ ವಾರಗಟ್ಟಲೆ ನಿನ್ನ ಮೇಜಿನ ಹತ್ತಿರ ಬಂದು ವಾಪಸ್ ಹೋಗ್ತಿದ್ದೆ. ನೀನು ಬೇಡ ಅಂದೆ. ನನ್ನ ಜೊತೆ ಇರೋಕೆ ಇವಳಿಗೆ ಇಷ್ಟ ಇಲ್ಲ ಅಂದ್ಕೊಂಡೆ." ಅಂಟಿನ ಬಟ್ಟಲಿಗೆ ಮುಚ್ಚಳ ಹಾಕಿ, "ಆ ಹುಡುಗನಿಗೆ ಮಾತು ಕೊಟ್ಟಾಗಿದೆ. ಹಿಂದಕ್ಕೆ ತಗೊಳ್ಳೋಕಾಗಲ್ಲ," ಎಂದಳು.

ಕೇಳುವವರಿಗೂ ಸಂಕೋಚ ಇರುತ್ತದೆ ಎಂಬುದು ಬೇಡಮ್ಮನಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ತನಗೆ ತಪ್ಪಿದ ಜಾಗಕ್ಕಿಂತ ಮೇಡಂ ಮುಖ ನೋಡಿ ಅವಳಿಗೆ ಹೆಚ್ಚು ಸಂಕಟವಾಯಿತು.

ಸಂಜೆ ತಾಯಿಯ ಫೋನು ಬಂತು. "ಇನ್ನೊಂದ್ಸಲ ಕೇಳಿದ್ರಾ?"

"ಇಲ್ಲಮ್ಮ. ನಾನೇ ಕೇಳ್ದೆ."

"ನೀನೇ? ಬಾಯ್ಬಿಟ್ಟು ಕೇಳಿದ್ಯಾ?" ಮಗಳು ಬ್ಯಾಂಕಿಗೆ ಕನ್ನ ಹಾಕಿದ್ದರೂ ತಾಯಿಯ ದನಿ ಅಷ್ಟು ಬೆಚ್ಚುತ್ತಿರಲಿಲ್ಲ.

"ಹೂಂ. ಬೇರೆಯವರಿಗೆ ಕೊಟ್ಟಾಯ್ತಂತೆ. ಬೈಬೇಡಮ್ಮ."

ತಾಯಿ ಬೈಯಲಿಲ್ಲ. ಅತ್ತ ಬಾಗಿಲು ಹಾಕಿದ ಸದ್ದಾಯಿತು. ದನಿ ಸಣ್ಣದಾಯಿತು. "ನಿಮ್ಮ ತಾತ ಒಂದ್ಸಲ ನನ್ನ ಕೇಳಿದ್ರು ಕಣೇ, ಕಾಲೇಜಿಗೆ ಸೇರಿಸ್ಲಾ ಅಂತ."

ಬೇಡಮ್ಮನಿಗೆ ಇದು ಹೊಸ ಸುದ್ದಿ. "ಏನಂದೆ?"

"ಏನಂತಾರೆ? ಬೇಡಪ್ಪ ಅಂದೆ. ಇನ್ನೊಂದ್ಸಲ ಕೇಳ್ತಾರೆ ಅಂತ ರಜಾ ಪೂರ್ತಿ ಅವರ ಕಣ್ಣ ಮುಂದೇನೇ ಓಡಾಡ್ದೆ. ಕೇಳ್ಲಿಲ್ಲ."

"ತಾತಂಗೆ ನಮ್ಮನೆ ರೀತಿ ಗೊತ್ತಿರ್ಲಿಲ್ವಾ?"

"ಅದನ್ನ ನಮಗೆಲ್ಲ ಕಲಿಸಿದ್ದೇ ಅವ್ರಲ್ವೇನೇ."

ಬೇಡಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಆಮೇಲೆ ಏನಾಯ್ತಮ್ಮ?"

"ಆಮೇಲೇನು, ನಿಮ್ಮಪ್ಪ ನನ್ನ ನೋಡೋಕೆ ಬಂದ್ರು. ಈ ಹುಡುಗ ಆಗ್ಬಹುದಾ ಅಂತ ಕೇಳಿದ್ರು ತಾತ. ಬೇಡ ಅಂದೆ, ನಿಜವಾಗ್ಲೂ ಬೇಡ ಅಂತಾನೇ ಅಂದೆ," ಎಂದರು ತಾಯಿ. "ಅದನ್ನ ಮಾತ್ರ ಮೂರು ಸಲ ಕೇಳಿದ್ರು."